ಗ್ರಾನೈಟ್ ಪುಡಿ ಸಿಮೆಂಟ್ ಆಗುತ್ತಾ?

ಕರಾವಳಿಯ ನಮ್ಮ ಅಂಕೋಲೆಯಲ್ಲಿ ಈಗ ಗ್ರಾನೈಟ್ ಇಲ್ಲದೆ ಯಾರೂ ಮನೆ ಕಟ್ಟುವುದಿಲ್ಲ. ಅಡಿಗೆಕಟ್ಟೆಗೆ, ಮೆಟ್ಟಿಲಿಗೆ, ಕಿಟಕಿಗೆ, ಕೊನೆಗೆ ತುಳಸಿಕಟ್ಟೆಗೂ ಅದೇ. ಕಲ್ಲು ಘಟ್ಟದ ಮೇಲಿಂದ ಬರುತ್ತದೆ, ಅಳತೆಗೆ ಕತ್ತರಿಸುವುದು ಮಾತ್ರ ಇಲ್ಲೇ. ಬ್ಲೇಡ್ ಬಿಸಿಯಾಗಬಾರದು, ಧೂಳು ಏಳಬಾರದು ಅಂತ ನೀರು ಬಿಡುತ್ತಾ ಕತ್ತರಿಸುತ್ತಾರೆ. ಆ ನೀರು ಬೂದಿ ಬಣ್ಣದ ಗಂಜಿಯ ಹಾಗೆ ಗಟಾರಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಕೊಚ್ಚಿಕೊಂಡು ಹೋಗುವುದರಿಂದ ಯಾರಿಗೂ ಅದರ ನೆನಪಿರುವುದಿಲ್ಲ. ಬೇಸಿಗೆಯಲ್ಲಿ ತಳಕ್ಕೆ ಕೂತು ಒಣಗುತ್ತದೆ, ಲಾರಿ ಹೋದಾಗಲೆಲ್ಲ ಎದ್ದು ಮೂಗಿಗೆ ಬರುತ್ತದೆ. ಗ್ರಾನೈಟ್‌ನಲ್ಲಿ ಸಿಲಿಕಾ ಇರುತ್ತದೆ, ಅದರ ಸಣ್ಣ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್ ಎನ್ನುವ ಶ್ವಾಸಕೋಶದ ಕಾಯಿಲೆ ಬರಬಹುದು. ಹಾಗಾಗಿ ಇದು ಬರೀ ಗಲೀಜಿನ ವಿಷಯ ಅಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಆದ್ದರಿಂದ ಊರಿನವರ ಲೆಕ್ಕದಲ್ಲಿ ನನಗೆ ಎಲ್ಲಾ ಗೊತ್ತು. ನಮ್ಮನೆ ಹಿಂದಿನ ಶೆಡ್ ಕಟ್ಟಲು ಬಂದ ಮೇಸ್ತ್ರಿ ಒಂದು ದಿನ ಕೇಳಿದರು: "ಅಕ್ಕೋರೆ, ಆ ಗ್ರಾನೈಟ್ ಪುಡಿ ಸಿಮೆಂಟಿಗೆ ಸೇರಿಸಬಹುದಂತಲ್ಲ, ಮೊಬೈಲಲ್ಲಿ ನೋಡಿದೆ. ಚೀಲಕ್ಕೆ ಕಾಲು ಭಾಗ ಹಾಕಿದ್ರೂ ಎಷ್ಟು ದುಡ್ಡು ಉಳೀತದೆ!"

ಸೇರಿಸಬಹುದು, ಆದರೆ ಅವರು ಅಂದುಕೊಂಡ ಹಾಗಲ್ಲ. ಬಾಯಲ್ಲಿ ಹೇಳುವ ಬದಲು ಗಟಾರದ ಅಂಚಿನಿಂದ ಒಣಗಿದ ಒಂದು ಹೆಂಟೆ ತಂದು ಅವರ ಕೈಗೇ ಕೊಟ್ಟೆ. ಉಗುರಿನಿಂದ ಕೆರೆದರೆ ಬೇಗ ಬರುವುದಿಲ್ಲ, ಗಟ್ಟಿ. "ನೋಡಿ, ಸಿಮೆಂಟಿನ ಹಾಗೇ ಕಟ್ಟಿದೆ" ಅಂದರು. ಒಂದು ಲೋಟ ನೀರಲ್ಲಿ ಹಾಕಿದೆ. ಬುಳುಬುಳು ಗುಳ್ಳೆ ಬಂತು, ಅಂಚು ಸಡಿಲವಾಯಿತು, ಮಾತಾಡುತ್ತಿದ್ದ ಹಾಗೇ ಹೆಂಟೆ ಕರಗಿ ತಳದಲ್ಲಿ ಕೆಸರಾಯಿತು. ಸಿಮೆಂಟ್ ಹೆಂಟೆಯನ್ನು ಬಾವಿಗೆ ಹಾಕಿದರೂ ಹೀಗಾಗುವುದಿಲ್ಲ, ಯಾಕೆಂದರೆ ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸೇರಿ ಹೊಸ ವಸ್ತುವಾಗಿ. ಗ್ರಾನೈಟ್‌ನ ಪುಡಿಗೆ ಆ ಗುಣ ಇಲ್ಲ. ಎಷ್ಟೇ ನುಣ್ಣಗಿದ್ದರೂ ಅದು ಕಲ್ಲೇ.

ಹಾಗಾದರೆ ಪುಡಿ ಸೇರಿಸಬಹುದು ಅಂತ ಸಂಶೋಧನೆ ಮಾಡಿದವರೆಲ್ಲ ಸುಮ್ನೆ ಹೇಳ್ತಾರಾ? ಇಲ್ಲ. ಪುಡಿ ತುಂಬಾ ಸಣ್ಣದಾಗಿರುವುದರಿಂದ ಸಿಮೆಂಟ್ ಮತ್ತು ಮರಳಿನ ಕಣಗಳ ಮಧ್ಯದ ಸಂದಿಗಳನ್ನು ತುಂಬುತ್ತದೆ, ಕಾಂಕ್ರೀಟ್ ಒತ್ತಾಗುತ್ತದೆ. ಸಿಮೆಂಟಿನಲ್ಲಿ 5ರಿಂದ 10 ಶೇಕಡಾ ಬದಲಿಸಿದರೆ ಬಲ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ ಎನ್ನುವ ಪ್ರಯೋಗಗಳು ಬೇಕಾದಷ್ಟಿವೆ, ಅದಕ್ಕಿಂತ ಜಾಸ್ತಿ ಹೋದರೆ ಸಾಮಾನ್ಯವಾಗಿ ಬಲ ಇಳಿಯುತ್ತಾ ಹೋಗುತ್ತದೆ. ಆದರೆ ಅದೆಲ್ಲ ಲ್ಯಾಬಿನಲ್ಲಿ, ತೂಕ ಹಾಕಿ, ನೀರು ಅಳೆದು, ಮಿಶ್ರಣ ಹದವಾಗಲು ರಾಸಾಯನಿಕ ಸೇರಿಸಿ ಮಾಡಿದ್ದು. ನಮ್ಮಲ್ಲಿ ಅಳತೆ ಅಂದರೆ ಬುಟ್ಟಿ. ನುಣ್ಣನೆಯ ಪುಡಿ ನೀರು ಜಾಸ್ತಿ ಕೇಳುತ್ತದೆ, ಕಲಸುವವನಿಗೆ ಕೈ ಬಿಗಿ ಅನ್ನಿಸುತ್ತದೆ, ಇನ್ನೊಂದು ಚೊಂಬು ನೀರು ಹೊಯ್ಯುತ್ತಾನೆ. ಅಲ್ಲಿಗೆ ಮುಗಿಯಿತು. ಹೆಚ್ಚಾದ ನೀರು ಆರಿದ ಜಾಗದಲ್ಲೆಲ್ಲ ಸಣ್ಣ ಸಣ್ಣ ತೂತು ಉಳಿಯುತ್ತದೆ. ಕರಾವಳಿಯಲ್ಲಿ ಆ ತೂತುಗಳ ಮೂಲಕ ಉಪ್ಪಿನ ಪಸೆ ಕಬ್ಬಿಣದವರೆಗೆ ಹೋಗುತ್ತದೆ, ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಸ್ಲ್ಯಾಬಿನ ಕೆಳಗಿನ ಪದರ ಕಳಚಿ ಬೀಳುತ್ತದೆ. ಕಾರವಾರದಲ್ಲಿ ಸಮುದ್ರದ ಹತ್ತಿರದ ಹಳೆ ಕಟ್ಟಡಗಳ ಬಾಲ್ಕನಿ ಕೆಳಗೆ ನಿಂತು ಒಮ್ಮೆ ಮೇಲೆ ನೋಡಿ, ಗೊತ್ತಾಗುತ್ತದೆ. ಆದ್ದರಿಂದ ಪಿಲ್ಲರ್, ಬೀಮ್, ಸ್ಲ್ಯಾಬಿಗೆ ಸೈಟಿನಲ್ಲಿ ಪುಡಿ ಬೆರೆಸುವುದು ಬೇಡವೇ ಬೇಡ ಅಂತ ಮೇಸ್ತ್ರಿಗೆ ಖಡಾಖಂಡಿತ ಹೇಳಿದೆ.

ಹಾಗಂತ ಸಿಮೆಂಟ್ ಕಡಿಮೆ ಮಾಡಬೇಕು ಎನ್ನುವ ಮಾತು ತಪ್ಪಲ್ಲ. ಸಿಮೆಂಟ್ ಮಾಡುವುದು ಸುಣ್ಣದ ಕಲ್ಲು ಸುಟ್ಟು. 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಉಳಿಯುವುದು 56 ಕಿಲೋ ಸುಣ್ಣ, ಬಾಕಿ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ. ನಮ್ಮ ಕಡೆ ಚಿಪ್ಪಿ ಸುಟ್ಟು ಸುಣ್ಣ ಮಾಡುವಾಗಲೂ ನಡೆಯುವುದು ಇದೇ. ಸಿಮೆಂಟ್ ಗೂಡಿನಲ್ಲಿ ಅದನ್ನೇ ಸುಮಾರು 1450 ಡಿಗ್ರಿಯವರೆಗೆ ಕಾಯಿಸುತ್ತಾರೆ, ಸೌದೆ ಬದಲು ಕಲ್ಲಿದ್ದಲು. ಪ್ರಪಂಚದ ಇಂಗಾಲದ ಡೈಆಕ್ಸೈಡ್‌ನಲ್ಲಿ 7-8 ಶೇಕಡಾ ಸಿಮೆಂಟಿನಿಂದಲೇ ಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಲ್ಲಿನ ಒಳಗಿಂದಲೇ ಹೊರಡುವುದರಿಂದ ಬರೀ ಕಲ್ಲಿದ್ದಲು ಬಿಟ್ಟು ಬೇರೆ ಇಂಧನ ಉರಿಸಿದರೆ ಸಾಲದು. ಸುಟ್ಟ ಕಲ್ಲಿನ ಪಾಲನ್ನೇ ಇಳಿಸಬೇಕು.

ಅದನ್ನು ಮಾಡುವ ಜಾಗ ಕಾರ್ಖಾನೆ. ತಮಾಷೆ ಅಂದರೆ, ನಾವು ಈಗಾಗಲೇ ಕಾರ್ಖಾನೆಯ ಕಸವನ್ನೇ ದುಡ್ಡು ಕೊಟ್ಟು ತರುತ್ತಿದ್ದೇವೆ. ಚೀಲದ ಮೇಲೆ ಪಿಪಿಸಿ ಅಂತಿದ್ದರೆ ಸಾಮಾನ್ಯವಾಗಿ ಅದರಲ್ಲಿ 15ರಿಂದ 35 ಶೇಕಡಾ ಹಾರುಬೂದಿ, ಅಂದರೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಬೂದಿ. ಪಿಎಸ್‌ಸಿ ಅಂತಿದ್ದರೆ ಉಕ್ಕಿನ ಕಾರ್ಖಾನೆಯ ಕಿಟ್ಟ (ಸ್ಲ್ಯಾಗ್), 25ರಿಂದ 70 ಶೇಕಡಾ. ಇವು ಗ್ರಾನೈಟ್ ಪುಡಿಯ ಹಾಗೆ ಸುಮ್ಮನೆ ಕೂರುವುದಿಲ್ಲ, ನಿಧಾನವಾಗಿ ತಾವೂ ಗಟ್ಟಿಯಾಗುತ್ತವೆ. ಉಪ್ಪು ಒಳಗೆ ಬಾರದ ಹಾಗೆ ತಡೆಯುವುದರಲ್ಲಿ ಸ್ಲ್ಯಾಗ್ ಸಿಮೆಂಟ್ ಒಳ್ಳೆಯದು, ನಮ್ಮ ಊರುಗಳಿಗೆ ಹೇಳಿ ಮಾಡಿಸಿದ್ದು. ಆದರೂ ಜನ ಅಂಗಡಿಗೆ ಹೋಗಿ ಸಾದಾ ಸಿಮೆಂಟಿನ 53 ಗ್ರೇಡ್ ಕೊಡಿ ಅಂತಾರೆ, ನಂಬರ್ ದೊಡ್ಡದಿದ್ದರೆ ಸಿಮೆಂಟ್ ಒಳ್ಳೆಯದು ಎನ್ನುವ ನಂಬಿಕೆ! ಒಂದೇ ಷರತ್ತು, ಪಿಪಿಸಿ, ಪಿಎಸ್‌ಸಿಯಂಥ ಸಿಮೆಂಟಿಗೆ ನೀರು ಹೊಡೆಯುವುದನ್ನು ಬೇಗ ನಿಲ್ಲಿಸಬಾರದು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ಅಂತಿದ್ದರೆ ಇದಕ್ಕೆ ಕನಿಷ್ಠ 10 ದಿನ.

ಇನ್ನೊಂದು ಸಿಮೆಂಟ್ ಬರುತ್ತಿದೆ, ಎಲ್‌ಸಿ3. ಅರ್ಧ ಮಾತ್ರ ಕ್ಲಿಂಕರ್ (ಗೂಡಿನಲ್ಲಿ ಸುಟ್ಟು ಬರುವ ಸಿಮೆಂಟಿನ ಉಂಡೆ), ಸುಮಾರು 30 ಶೇಕಡಾ ಸುಟ್ಟ ಜೇಡಿ, 15 ಶೇಕಡಾ ಸುಡದ ಸುಣ್ಣಕಲ್ಲಿನ ಪುಡಿ, ಉಳಿದದ್ದು ಜಿಪ್ಸಮ್. ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಇದಕ್ಕೆ ಮಾನದಂಡ ಕೊಟ್ಟಿದೆ. ಇದರಲ್ಲಿ ಸುಣ್ಣಕಲ್ಲಿನ ಪುಡಿ ಬರೀ ಸಂದಿ ತುಂಬಿ ಕೂರುವುದಿಲ್ಲ, ಜೇಡಿಯ ಅಲ್ಯೂಮಿನಾ ಜೊತೆ ಸೇರಿ ಕೆಲಸವನ್ನೂ ಮಾಡುತ್ತದೆ. ಶಹಾಬಾದ್ ಕಲ್ಲು ಸುಣ್ಣಕಲ್ಲೇ ಅಲ್ವಾ, ಆ ಕಡೆ ಹಾಸುಗಲ್ಲು ಕೊಯ್ದ ಚೂರು ರಾಶಿ ಬಿದ್ದಿರುತ್ತದೆ, ಸಿಮೆಂಟ್ ಕಾರ್ಖಾನೆಗಳೂ ಕಲಬುರಗಿ ಜಿಲ್ಲೆಯಲ್ಲೇ ಇವೆ. ನನಗೆ ಇನ್ನೂ ಹೆಚ್ಚು ಕುತೂಹಲ ಇರುವುದು ನಮ್ಮ ಚಿರೆಕಲ್ಲಿನ (ಜಂಬಿಟ್ಟಿಗೆ) ಪುಡಿಯ ಬಗ್ಗೆ. ಯಂತ್ರ ಹಾಕಿ ಚಿರೆಕಲ್ಲು ಕೊಯ್ಯುವ ಕಡೆ ಕೆಂಪು ಪುಡಿ ಗುಡ್ಡೆ ಬೀಳುತ್ತದೆ. ಅದರಲ್ಲಿ ಕಬ್ಬಿಣದ ಜೊತೆ ಕಯೋಲಿನೈಟ್ ಎನ್ನುವ ಜೇಡಿ ಇರುತ್ತದೆ. 700-800 ಡಿಗ್ರಿಗೆ ಸುಟ್ಟರೆ ಆ ಜೇಡಿ ಸುಣ್ಣದ ಜೊತೆ ಸೇರಿ ಗಟ್ಟಿಯಾಗುವ ಗುಣ ಪಡೆಯುತ್ತದೆ. ಎಲ್ಲಾ ಕ್ವಾರಿಯ ಪುಡಿಯಲ್ಲೂ ಜೇಡಿ ಸಮ ಇರುವುದಿಲ್ಲ, ಪರೀಕ್ಷೆ ಮಾಡಿಯೇ ಹೇಳಬೇಕು.

ಸರಿ, ಗಟಾರದ ಗ್ರಾನೈಟ್ ಪುಡಿಗೆ ದಾರಿ ಏನು? ಬ್ಲಾಕ್ ಮತ್ತು ಇಂಟರ್‌ಲಾಕ್ ಮಾಡುವವರು. ಅಲ್ಲಿ ಕಬ್ಬಿಣ ಇಲ್ಲ, ಮಿಶ್ರಣ ನೀರು ಕಮ್ಮಿ ಇರುವಂಥದ್ದು, ಯಂತ್ರ ಅದುರಿಸಿ ಒತ್ತುತ್ತದೆ. ಸಿಮೆಂಟ್ ಮುಟ್ಟದೆ ಮರಳಿನಲ್ಲಿ, ಇಲ್ಲಾ ಕ್ರಷರ್ ಡಸ್ಟಿನಲ್ಲಿ, ಸ್ವಲ್ಪ ಭಾಗ ತೆಗೆದು ಪುಡಿ ಹಾಕಿದರೆ ಅಂಚು ನಯವಾಗಿ ಬರುತ್ತದೆ. ಹೊಳೆಯ ಮರಳಿಗೆ ಒದ್ದಾಡುವ ಊರಿದು. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ಮೇಲೆ ಮರಳಿಗಾಗಿ ಇನ್ನೊಂದು ಗುಡ್ಡ ಒಡೆಯಿರಿ ಅಂತ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಮೇಸ್ತ್ರಿಯ ಪರಿಚಯದ ಬ್ಲಾಕಿನವರು ಪುಡಿ ತಗೊಳ್ಳಲು ಒಪ್ಪಿದ್ದಾರೆ, ಆದರೆ ಒಣಗಿರಬೇಕು, ಜರಡಿ ಹಿಡಿದಿರಬೇಕು, ಗಟಾರದ ಪ್ಲಾಸ್ಟಿಕ್ ಇರಬಾರದು ಅಂದಿದ್ದಾರೆ. ನ್ಯಾಯವೇ. ಅದಕ್ಕೆ ಗ್ರಾನೈಟ್ ಅಂಗಡಿಯಲ್ಲೇ ಎರಡು ತೊಟ್ಟಿ ಬೇಕು. ಒಂದರಲ್ಲಿ ಕೆಸರು ಕೂರಬೇಕು, ಮೇಲಿನ ತಿಳಿನೀರು ಇನ್ನೊಂದಕ್ಕೆ ಹೋಗಿ ಮತ್ತೆ ಬ್ಲೇಡಿಗೆ ಬರಬೇಕು. ಅಂಗಡಿಯವರು ಜಾಗ ಇಲ್ಲ ಅನ್ನುತ್ತಿದ್ದಾರೆ. ಎದುರಿಗೇ ಒಡೆದ ಚಪ್ಪಡಿಗಳ ರಾಶಿ ಇದೆ, ಅದನ್ನು ಸರಿಸಿದರೆ ತೊಟ್ಟಿಗೆ ಜಾಗ ಆಗುತ್ತದೆ, ತೊಟ್ಟಿಯ ಗೋಡೆಗೆ ಆ ಚಪ್ಪಡಿಯೇ ಆಗುತ್ತದೆ ಅಂತ ಹೇಳಿ ಬಂದಿದ್ದೇನೆ. ನಿಮ್ಮೂರಲ್ಲಿ ಯಾರಾದರೂ ಇಂಥ ತೊಟ್ಟಿ ಮಾಡಿಸಿದ್ದರೆ ಎಷ್ಟು ಆಳ, ಎಷ್ಟು ದಿನಕ್ಕೊಮ್ಮೆ ಕೆಸರು ತೆಗೆಯುತ್ತಾರೆ ಅಂತ ಬರೆಯಿರಿ, ಅವರಿಗೆ ತೋರಿಸುತ್ತೇನೆ.