ವಾಸ್ಡೇಲ್ ಹೆಡ್‌ನಲ್ಲಿ ನೋಡೋಕೆ ಏನಿದೆ?

ಊರಿಂದ ಬಂದ ನೆಂಟರಾಗಲಿ, ಇಲ್ಲಿ ಮ್ಯಾಂಚೆಸ್ಟರಿನ ಕನ್ನಡದ ಗೆಳೆಯರಾಗಲಿ, ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ರಜೆ ಸಿಕ್ಕಿದರೆ ಸಾಕು ಆ ವಾಸ್ಡೇಲ್ ಹೆಡ್‌ಗೆ ಓಡ್ತೀರಲ್ಲ, ಅಲ್ಲಿ ನೋಡೋಕೆ ಅಂಥದ್ದೇನಿದೆ?" ಮೊನ್ನೆ ಫೋನಿನಲ್ಲಿ ಚಿಕ್ಕಮ್ಮನೂ ಕೇಳಿದರು. "ಗೋಡೆ ಇದೆ ಚಿಕ್ಕಮ್ಮ" ಅಂದೆ. ಅವರಿಗೆ ಅರ್ಥ ಆಗಲಿಲ್ಲ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಇದು ಇಂಗ್ಲೆಂಡಿನ ವಾಯವ್ಯದ ಕಂಬ್ರಿಯಾದಲ್ಲಿ, ಲೇಕ್ ಡಿಸ್ಟ್ರಿಕ್ಟಿನ ಬೆಟ್ಟಗಳ ಬುಡದಲ್ಲಿದೆ. ಹಳ್ಳಿ ಅನ್ನೋಕೂ ಚಿಕ್ಕದು. ನಮ್ಮ ಕಡೆ ಮಜರೆ ಅಂತೀವಲ್ಲ, ಅಂಥದ್ದು. ಕುರಿ ಸಾಕುವ ಕೆಲವು ಮನೆಗಳು, ತಂಗೋಕೆ ಒಂದು ಹೋಟೆಲು, ಒಂದು ಪುಟ್ಟ ಚರ್ಚು. ವಾಸ್ಟ್‌ವಾಟರ್ ಸರೋವರದ ದಂಡೆ ಹಿಡಿದು ಬರುವ ಕಿರಿದಾದ ರಸ್ತೆ ಇಲ್ಲಿಗೇ ಮುಗಿಯುತ್ತದೆ. ಆ ಸರೋವರ ಸುಮಾರು 79 ಮೀಟರ್ ಆಳ, ಇಂಗ್ಲೆಂಡಿನಲ್ಲಿ ಅದಕ್ಕಿಂತ ಆಳದ್ದು ಇನ್ನೊಂದಿಲ್ಲ. ದೇಶದ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್, 978 ಮೀಟರ್, ಅದೂ ಇಲ್ಲೇ ಪಕ್ಕದಲ್ಲಿ. ಬರುವವರಲ್ಲಿ ಜಾಸ್ತಿ ಜನ ಅದನ್ನು ಹತ್ತಿ ಇಳಿದು ಹೊರಟುಬಿಡುತ್ತಾರೆ.

ನಾನು ಬೆಟ್ಟದ ಇಳಿಜಾರಲ್ಲಿ ಸ್ವಲ್ಪ ಮೇಲೆ ಹೋಗಿ ಕೂತು ಕೆಳಗೆ ನೋಡುತ್ತೇನೆ. ಕಣಿವೆಯ ತಳ ಪೂರ್ತಿ ಕಲ್ಲುಗೋಡೆಗಳ ಬಲೆ. ಒಂದು ಹೊಲವೂ ಚೌಕವಾಗಿಲ್ಲ. ಗೋಡೆಗಳು ಸುಮ್ನೆ ಬಾಗುತ್ತವೆ, ತಿರುಗುತ್ತವೆ, ಒಂದಕ್ಕೊಂದು ಸೇರುತ್ತವೆ. ಹಿಮನದಿಗಳು ಮತ್ತು ಬೆಟ್ಟದ ಹಳ್ಳಗಳು ಇಲ್ಲಿ ಕಲ್ಲನ್ನು ತಂದು ಸುರಿದು ಹೋಗಿದ್ದವು. ಹುಲ್ಲು ಬೆಳೆಯಬೇಕಾದರೆ ಕಲ್ಲನ್ನು ಆರಿಸಬೇಕು. ಆರಿಸಿದ ಕಲ್ಲನ್ನು ಎಲ್ಲಿಗೆ ಹಾಕೋದು? ಗೋಡೆ ಕಟ್ಟಿದರು. ಆಮೇಲೂ ಕಲ್ಲು ಉಳಿಯಿತು. ಅದಕ್ಕೇ ಕೆಲವು ಗೋಡೆಗಳು ಬೇಕಾದ್ದಕ್ಕಿಂತ ಎಷ್ಟೋ ದಪ್ಪ. ಅದಕ್ಕೂ ಮಿಕ್ಕಿದ್ದನ್ನು ಹೊಲದ ನಡುವೆಯೇ ಗುಡ್ಡೆ ಹಾಕಿದ್ದಾರೆ. ಎಷ್ಟು ತಲೆಮಾರಿನ ಬೆನ್ನು ಬಾಗಿರಬೇಕು!

ಈ ಗೋಡೆಗೆ ಗಾರೆ ಇಲ್ಲ, ಸಿಮೆಂಟ್ ಇಲ್ಲ. ನಮ್ಮ ಹೊಲಗಳ ಕಲ್ಲಿನ ಪೌಳಿಯ ಹಾಗೆ ಕಲ್ಲಿನ ಮೇಲೆ ಕಲ್ಲು ಅಷ್ಟೇ. ಆದರೆ ಒಂದು ಗೋಡೆಯಲ್ಲಿ ನಿಜವಾಗಿ ಎರಡು ಗೋಡೆ ಇರುತ್ತವೆ. ಎರಡೂ ಒಂದರ ಕಡೆಗೊಂದು ವಾಲಿಕೊಂಡು ಏಳುತ್ತವೆ. ನಡುವಿನ ಸಂದಿಗೆ ಚೂರುಕಲ್ಲು ತುಂಬುತ್ತಾರೆ. ಅಲ್ಲಲ್ಲಿ ಒಂದು ಉದ್ದನೆಯ ಕಲ್ಲನ್ನು ಅಡ್ಡ ಹಾಕಿ ಎರಡನ್ನೂ ಬಿಗಿಯುತ್ತಾರೆ. ಬುಡದಲ್ಲಿ ಅಲ್ಲಲ್ಲಿ ಕುರಿ ನುಸುಳೋಕೆ ಚೌಕದ ಕಂಡಿ ಬಿಟ್ಟಿರುತ್ತಾರೆ. ಬೇಡವಾದಾಗ ಒಂದು ಚಪ್ಪಡಿ ಅಡ್ಡ ಇಟ್ಟರೆ ಮುಗೀತು.

ಗೋಡೆಗಳು ಮೇಲೆ ಹೋಗ್ತಾ ಹೋಗ್ತಾ ನಿಂತುಬಿಡುತ್ತವೆ. ಅಲ್ಲಿಂದಾಚೆ ಬೋಳು ಬೆಟ್ಟ, ಬೇಲಿಯೇ ಇಲ್ಲ. ಆದರೂ ಒಬ್ಬರ ಕುರಿ ಇನ್ನೊಬ್ಬರ ಜಾಗಕ್ಕೆ ಅಷ್ಟಾಗಿ ಹೋಗಲ್ಲ. ಇಲ್ಲಿನವು ಹರ್ಡ್‌ವಿಕ್ ತಳಿ. ಹುಟ್ಟುವಾಗ ಮರಿ ಕಪ್ಪಗಿರುತ್ತದೆ, ಬೆಳೀತಾ ಮುಖ ಬೆಳ್ಳಗಾಗಿ ಮೈ ಬೂದಿ ಬಣ್ಣಕ್ಕೆ ತಿರುಗುತ್ತದೆ. ತಮ್ಮ ಮಂದೆ ಮೇಯುವ ಜಾಗ ಯಾವುದು ಅಂತ ಮರಿ ತಾಯಿಯ ಹಿಂದೆ ತಿರುಗಿಯೇ ಕಲಿಯುತ್ತದೆ. ಅದಕ್ಕೇ ಎಷ್ಟೋ ಕಡೆ ಫಾರ್ಮು ಕೈ ಬದಲಾದರೂ ಕುರಿ ಅಲ್ಲೇ ಉಳಿಯುತ್ತವೆ. 2001ರಲ್ಲಿ ಕಾಲುಬಾಯಿ ರೋಗ ಬಂದಾಗ ಕಂಬ್ರಿಯಾಕ್ಕೆ ಬಿದ್ದಷ್ಟು ಪೆಟ್ಟು ಬೇರೆ ಯಾವ ಜಿಲ್ಲೆಗೂ ಬೀಳಲಿಲ್ಲ. ಒಂದು ಮಂದೆ ಪೂರ್ತಿ ಹೋದರೆ ಮೇಯುವ ಆ ಜಾಗದ ನೆನಪೂ ಹೋಯಿತು. ಹಣ ಕೊಟ್ಟು ತರೋಕೆ ಆಗುವಂಥದ್ದಲ್ಲ ಅದು. ಅದನ್ನು ಯೋಚಿಸಿದಾಗಲೆಲ್ಲ ಹೊಟ್ಟೆ ಸಂಕಟವಾಗುತ್ತದೆ.

ಚರ್ಚಿನ ವಿಷಯ ಹೇಳಲೇಬೇಕು. ಸೇಂಟ್ ಓಲಾಫ್ಸ್, ಇಂಗ್ಲೆಂಡಿನ ಅತಿ ಚಿಕ್ಕ ಚರ್ಚುಗಳಲ್ಲಿ ಒಂದು. ಸುತ್ತ ಯೂ ಮರಗಳು, ದೂರದಿಂದ ಕಾಣುವುದೇ ಇಲ್ಲ. ಒಳಗೆ ತಲೆ ಬಗ್ಗಿಸಿ ಹೋಗಬೇಕು ಅನಿಸುವಷ್ಟು ತಗ್ಗು. ಅದರ ತೊಲೆಗಳು ಹಿಂದೆ ಸಮುದ್ರ ದಾಟಿ ಬಂದ ವೈಕಿಂಗರ ಹಡಗಿನವು ಅಂತ ಜನ ಹೇಳುತ್ತಾರೆ. ಕಿಟಕಿಯ ಒಂದು ಸಣ್ಣ ಗಾಜಿನಲ್ಲಿ ನೇಪ್ಸ್ ನೀಡಲ್ ಎಂಬ ಸೂಜಿಬಂಡೆಯನ್ನು ಕೊರೆದಿದ್ದಾರೆ. 1886ರಲ್ಲಿ ಹ್ಯಾಸ್ಕೆಟ್ ಸ್ಮಿತ್ ಎಂಬಾತ ಒಬ್ಬನೇ ಆ ಬಂಡೆಯ ತುದಿ ಮುಟ್ಟಿ, ಗುರುತಿಗೆ ತನ್ನ ಕರ್ಚೀಫು ಬಿಟ್ಟು ಬಂದ. ಆ ಗಾಜು ಮೊದಲ ಮಹಾಯುದ್ಧದಲ್ಲಿ ಸತ್ತ ಬೆಟ್ಟ ಹತ್ತುವವರ ನೆನಪಿಗೆ. ಹೊರಗೆ ಬಂಡೆಗಳಿಂದ ಬಿದ್ದು ಸತ್ತವರ ಸಮಾಧಿಗಳಿವೆ. ಹಿಂದೆ ಇಲ್ಲಿ ಹೂಳುವ ಹಾಗೇ ಇರಲಿಲ್ಲ. ಯಾರಾದರೂ ತೀರಿಕೊಂಡರೆ ಕುದುರೆ ಮೇಲೆ ಹೊರಿಸಿ, ಬರ್ನ್‌ಮೂರ್ ಎಂಬ ಬೋಳು ಗುಡ್ಡಗಾಡು ದಾಟಿ, ಪಕ್ಕದ ಎಸ್ಕ್‌ಡೇಲ್ ಕಣಿವೆಗೆ ಒಯ್ಯಬೇಕಿತ್ತು. ಮಳೆಯಲ್ಲಿ, ಹಿಮದಲ್ಲಿ. ಆ ದಾರಿಯಲ್ಲಿ ಈಗಲೂ ನಡೆಯಬಹುದು.

ಹೋದ ವರ್ಷ ಒಂದು ಗೋಡೆ ಕುಸಿದ ಕಡೆ ವಯಸ್ಸಾದ ಒಬ್ಬರು ಮತ್ತೆ ಕಟ್ಟುತ್ತಿದ್ದರು. ನಿಂತು ನೋಡಿದೆ. ಕೈಗೆತ್ತಿಕೊಂಡ ಕಲ್ಲನ್ನು ಅವರು ವಾಪಸ್ ಕೆಳಗಿಡುತ್ತಿರಲಿಲ್ಲ. ಆ ಕಡೆ ಈ ಕಡೆ ತಿರುಗಿಸಿ ಎಲ್ಲೋ ಒಂದು ಕಡೆ ಕೂರಿಸಿಯೇಬಿಡುತ್ತಿದ್ದರು. ಕೇಳಿದ್ದಕ್ಕೆ, ಚೂರುಕಲ್ಲು ತುಂಬೋಕೆ ನನ್ನನ್ನೂ ಬಿಟ್ಟರು. ಅರ್ಧ ಗಂಟೆ ತುಂಬಿದೆ. ಈ ಏಪ್ರಿಲ್‌ನಲ್ಲಿ ಹೋದಾಗ ಮೊದಲು ಅಲ್ಲಿಗೇ ಹೋದೆ. ಅಷ್ಟು ಭಾಗಕ್ಕೆ ಇನ್ನೂ ಪಾಚಿ ಹಿಡಿದಿಲ್ಲ. ಅದರ ಮರೆಯಲ್ಲಿ ಎರಡು ಕಪ್ಪು ಮರಿಗಳು ಗಾಳಿಗೆ ಬೆನ್ನು ಕೊಟ್ಟು ಮಲಗಿದ್ದವು.