ಅಮ್ಮನ ಮಾತಿನ ಅಭ್ಯಾಸ: ಒಂಬತ್ತನೆಯ ವಾರ

ಮಿದುಳಿನ ಎಡಭಾಗಕ್ಕೆ ಪಾರ್ಶ್ವವಾಯು ಬಡಿದಂದಿನಿಂದ ಅಮ್ಮನಿಗೆ "ನೀರು" ಎಂಬ ಪದವೂ ತುಟಿಯವರೆಗೆ ಬಂದು ನಿಂತುಬಿಡುತ್ತದೆ. ಆದರೆ ಗುಬ್ಬಿ ತಾಲ್ಲೂಕಿನ ನಮ್ಮೂರ ಮದುವೆಮನೆಗಳಲ್ಲಿ ನಲವತ್ತು ವರ್ಷ ಹಾಡಿದ ಸೋಬಾನೆಯನ್ನು ನಾನು ಎತ್ತಿಕೊಟ್ಟರೆ ಒಂದಕ್ಷರವೂ ತಪ್ಪದೆ ಮುಂದುವರಿಸುತ್ತಾರೆ. ಮಾತು ಹೋದವನೊಬ್ಬ ಚರ್ಚಿನ ಸ್ತುತಿಗೀತೆಗಳನ್ನು ಹಾಡುತ್ತಿದ್ದುದನ್ನು ಸ್ವೀಡನ್ನಿನ ಬರಹಗಾರ ಓಲೋಫ್ ಡಾಲಿನ್ 1745ರಲ್ಲಿಯೇ ದಾಖಲಿಸಿದ್ದರು.

ಬಾಯಿಪಾಠದ ಹಾಡು ಬಂದ ಮಾತ್ರಕ್ಕೆ ಸ್ವಂತ ಮಾತು ಬರುವುದಿಲ್ಲವೆಂದು ತಿಳಿಯಲು ನನಗೆ ಐದು ವಾರ ಹಿಡಿಯಿತು. ವಾಕ್ ಚಿಕಿತ್ಸಕಿ ಹೇಳಿಕೊಟ್ಟಿರುವುದು, 1973ರಲ್ಲಿ ಬಾಸ್ಟನ್ನಿನ ಸಂಶೋಧಕರಾದ ಆಲ್ಬರ್ಟ್, ಸ್ಪಾರ್ಕ್ಸ್ ಮತ್ತು ಹೆಲ್ಮ್ ಪ್ರಕಟಿಸಿದ ಮೆಲೋಡಿಕ್ ಇಂಟೊನೇಶನ್ ಥೆರಪಿ. ಅದರಲ್ಲಿ ಹಾಡುವುದು ಬಾಯಿಪಾಠದ ಹಾಡನ್ನಲ್ಲ, ದಿನಬಳಕೆಯ ವಾಕ್ಯವನ್ನು. ಎರಡೇ ಸ್ವರಗಳಲ್ಲಿ, ಅಕ್ಷರಕ್ಕೊಂದರಂತೆ ಎಡಗೈಯಿಂದ ತಟ್ಟುತ್ತ. ಎಡಗೈಯನ್ನು ನಡೆಸುವುದು ಬಲ ಮಿದುಳಾದ್ದರಿಂದ, ಪೆಟ್ಟು ಬೀಳದ ಆ ಭಾಗವನ್ನು ಮಾತಿನ ಕೆಲಸಕ್ಕೆ ಕರೆತರುವುದು ಇದರ ಉದ್ದೇಶ.

ಸ್ವರ ಹಂಚುವಲ್ಲಿ ನಾನು ಎಡವಿದ್ದೆ. ಇಂಗ್ಲಿಷಿನಲ್ಲಿ ಒತ್ತಿ ಹೇಳುವ ಅಕ್ಷರಕ್ಕೆ ಮೇಲಿನ ಸ್ವರ ಸಲ್ಲುತ್ತದೆ, ಕನ್ನಡದಲ್ಲಿ ಅಂಥ ಒತ್ತು ಎದ್ದು ಕೇಳುವುದಿಲ್ಲ. ಚಿಕಿತ್ಸಕಿಯ ಒಪ್ಪಿಗೆ ಪಡೆದು ಛಂದಸ್ಸಿನಲ್ಲಿ ಎಳೆದು ಹೇಳುವ ಗುರು ಅಕ್ಷರಕ್ಕೆ ಮೇಲಿನ ಸ್ವರ, ಗಿಡ್ಡನೆಯ ಲಘುವಿಗೆ ಕೆಳಗಿನದು ಎಂದು ಬದಲಿಸಿದೆವು. "ಕಾಫಿ ಬೇಕು" ಎಂಬುದು ಗುರು, ಲಘು, ಗುರು, ಲಘು. ತೊಟ್ಟಿಲು ತೂಗಿದಂತೆ ತಾನೇ ಸಾಗುತ್ತದೆ. "ತಲೆ ನೋವು" ಎಂಬುದರ ಮೊದಲ ಎರಡು ಲಘುಗಳಲ್ಲಿ ಅಮ್ಮ ಇನ್ನೂ ತಡವರಿಸುತ್ತಾರೆ, ಅದನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಮಾತಿನ ಜೊತೆಗೆ ನಡಿಗೆಯ ಅಭ್ಯಾಸವೂ ಫಿಸಿಯೋಥೆರಪಿಸ್ಟ್ ಹೇಳಿದಂತೆ ತಾಳಕ್ಕೆ ಹೆಜ್ಜೆ ಹೊಂದಿಸುತ್ತ ನಡೆದಿದೆ: ನಿಮಿಷಕ್ಕೆ 52 ಹೆಜ್ಜೆ ಹಾಕುತ್ತಿದ್ದವರಿಗೆ ಮೊಬೈಲಿನಲ್ಲಿ ತಾಳ ಹಾಕುವ ಮೆಟ್ರೊನೋಮನ್ನು 56 ಬಡಿತಕ್ಕೆ ಇಟ್ಟಿದ್ದೇವೆ.

ಮಂಗಳವಾರ ಮೊದಲ ಬಾರಿಗೆ ರಾಗ ಬಿಟ್ಟು, ತಟ್ಟುವುದನ್ನಷ್ಟೇ ಉಳಿಸಿಕೊಂಡು "ಕಾಫಿ ಬೇಕು" ಎಂದರು. ನಾನು ಲೋಟ ತಂದು ಕೊಡುವಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು. ಬುಧವಾರ, ಗುರುವಾರ ಅದೇ ವಾಕ್ಯ ಮತ್ತೆ ಬರಲಿಲ್ಲ. ಶುಕ್ರವಾರ ಎರಡು ಸಲ ಬಂತು.

ಶನಿವಾರ ಸಂಜೆ, ಅಭ್ಯಾಸದ ಹೊತ್ತಲ್ಲದ ಹೊತ್ತಿನಲ್ಲಿ, ಅಮ್ಮ ತಾವೇ ಮಂಚದ ಅಂಚನ್ನು ಐದು ಸಲ ತಟ್ಟಿದರು. ನಮ್ಮ ಪಟ್ಟಿಯಲ್ಲಿ ಐದು ಅಕ್ಷರದ ವಾಕ್ಯವೇ ಇರಲಿಲ್ಲ. ಮತ್ತೆ ತಟ್ಟಿ, ಕೊಟ್ಟಿಗೆಯ ಕಡೆ ಮುಖ ಮಾಡಿ, ಮೊದಲ ಎರಡಕ್ಷರವನ್ನು ಮಾತ್ರ ಹೊರಡಿಸಿದರು: "ಹಾಲು..." ಉಳಿದ ಮೂರನ್ನು ನಾನು ಅವರ ಕೈಯೊಡನೆ ತಟ್ಟುತ್ತ ಹೇಳಿದೆ: "ಕರೆದ್ಯಾ?" ಅಮ್ಮ ತಲೆಯಾಡಿಸಿದರು. ಕರೆದಿರಲಿಲ್ಲ, ಎದ್ದು ಹೋದೆ.