ಸೆಂಟು, ಇಂಚು, ಟೆಸ್ಟು

ಮಡಿಕೇರಿ, 21 ಜುಲೈ 2025, ಸೋಮವಾರ

ಕೊಡಗಿನ ಜೋರು ಮಳೆಯ ತಿಂಗಳು ಕಕ್ಕಡ ಹಿಡಿದಿದೆ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತೋಟದವರು ದಿನದ ಮಳೆ ಬರೆದಿಡುವ ಪುಸ್ತಕವನ್ನು ಮೊಬೈಲಿಗೆ ತರುವ ಮುಕ್ತ ತಂತ್ರಾಂಶಕ್ಕೆ ಸ್ವಯಂಚಾಲಿತ ಟೆಸ್ಟುಗಳನ್ನು, ಅಂದರೆ ಕೋಡ್ ಸರಿಯಿದೆಯೇ ಎಂದು ತಾವೇ ನೋಡಿ ಹಸಿರು ಇಲ್ಲವೇ ಕೆಂಪು ತೋರಿಸುವ ಪರೀಕ್ಷೆಗಳನ್ನು, ಜೋಡಿಸುವುದು ಇವತ್ತಿನ ಕೆಲಸ. ಕೋಡ್ ಬರೆಯುವವರೆಲ್ಲ ಬಿಡುವಾದಾಗ ಬಂದು ಕೈಹಾಕಿ ಹೋಗುವವರು. ಸಂಬಳವೂ ಇಲ್ಲ, ಹಾಜರಿಯೂ ಇಲ್ಲ. ಆದ್ದರಿಂದ ಮೊದಲು ಬರೆದಿಟ್ಟ ನಿಯಮ ಇದು: ಟೆಸ್ಟು ಕೆಂಪು ತೋರಿಸಿದರೆ ಕೋಡ್ ನಿಜಕ್ಕೂ ಕೆಟ್ಟಿರಬೇಕು. ನಾಲ್ಕು ಸಲ ಸುಮ್ಮನೆ ಕೆಂಪಾದ ಟೆಸ್ಟನ್ನು ಐದನೆಯ ಸಲ ಯಾರೂ ತೆರೆದು ನೋಡುವುದಿಲ್ಲ.

ಅಳತೆಯಿಂದ ಶುರು. ಇಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ. 100 ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಡೇಟಾಬೇಸಿನಲ್ಲಿ ಪೂರ್ಣಾಂಕದ ಸೆಂಟು ಮಾತ್ರ ಇರಬೇಕು, ಮಿಲಿಮೀಟರ್ ಎಲ್ಲ ತೋರಿಸುವಾಗ. ದಶಮಾಂಶದಲ್ಲಿ ಇಟ್ಟರೆ ಏನಾಗುತ್ತದೆ? ಪ್ರೋಗ್ರಾಮಿಂಗ್ ಭಾಷೆ ಪೈಥಾನಿನ 3.10 ಆವೃತ್ತಿಯಲ್ಲಿ 0.1 ಅನ್ನು ಹತ್ತು ಸಲ ‘ಸಮ್’ ಮಾಡಿದರೆ 0.9999999999999999 ಬರುತ್ತದೆ. 3.12ರಿಂದ ಕೂಡುವ ವಿಧಾನವನ್ನೇ ಬದಲಿಸಿದ್ದರಿಂದ ಅದೇ ಲೆಕ್ಕ ಸರಿಯಾಗಿ 1 ಬರುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಪಾಸಾಗಿ ಹಳೆಯ ಸರ್ವರಿನಲ್ಲಿ ಬೀಳುವ ಟೆಸ್ಟು ಹುಟ್ಟುವುದು ಹೀಗೆ. ಎಲ್ಲ ಆವೃತ್ತಿಗಳಲ್ಲೂ ಓಡಿಸಬೇಕಿಲ್ಲ. ನಾವು ಬೆಂಬಲಿಸುವ ಅತಿ ಹಳೆಯದು 3.10, ಅತಿ ಹೊಸದು 3.13, ಇವೆರಡು ಸಾಕು.

ಇನ್ನೊಂದು ತೊಡಕು ಜನ ಬರೆಯುವ ರೀತಿಯದು. ‘3.5’ ಅಂದರೆ ಕೆಲವರಿಗೆ ಮೂರೂವರೆ ಇಂಚು, ಕೆಲವರಿಗೆ 3 ಇಂಚು 5 ಸೆಂಟು. ನಡುವೆ 45 ಸೆಂಟಿನ ವ್ಯತ್ಯಾಸ. ಒಂದೇ ಪೆಟ್ಟಿಗೆ ಕೊಟ್ಟು ಊಹಿಸುವುದಕ್ಕಿಂತ ಇಂಚಿಗೊಂದು, ಸೆಂಟಿಗೊಂದು ಕೊಡುವುದೇ ಸರಿ. ಟೆಸ್ಟು: 3 ಮತ್ತು 5 ಕೊಟ್ಟರೆ 305, 0 ಮತ್ತು 99 ಕೊಟ್ಟರೆ 99, 1 ಮತ್ತು 100 ಕೊಟ್ಟರೆ ತಿರಸ್ಕಾರ. ಖಾಲಿ ಬಿಟ್ಟರೆ ‘ಅಳೆಯಲಿಲ್ಲ’, ಸೊನ್ನೆ ಹಾಕಿದರೆ ‘ಮಳೆ ಇಲ್ಲ’. ಇವೆರಡು ಬೆರೆತರೆ ತಿಂಗಳ ಸರಾಸರಿಗೆ ಅರ್ಥವಿರುವುದಿಲ್ಲ.

ಹೆಚ್ಚು ಹೊತ್ತು ತಿಂದದ್ದು ದಿನಾಂಕ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ಲೆಕ್ಕಕ್ಕೆ ಹಾಕುತ್ತಾರೆ. ಅಂದರೆ ಇವತ್ತು 8.29ಕ್ಕೆ ಬಿದ್ದದ್ದು 21ರದು, 8.31ಕ್ಕೆ ಬಿದ್ದದ್ದು 22ರದು. ಡಿಸೆಂಬರ್ 31ರ ಮಧ್ಯಾಹ್ನದ ಮಳೆ ಮುಂದಿನ ವರ್ಷದ ಮೊತ್ತಕ್ಕೆ ಹೋಗುತ್ತದೆ. 8.29, 8.30, 8.31, ಡಿಸೆಂಬರ್ 31, ಫೆಬ್ರವರಿ 29: ಇವು ಐದೂ ಬೇರೆಬೇರೆ ಟೆಸ್ಟು ಆಗಿರಬೇಕು. ಒಂದರಲ್ಲೇ ಐದು ತುರುಕಿದರೆ ಮೊದಲನೆಯದು ಬಿದ್ದೊಡನೆ ಉಳಿದವುಗಳ ಸುದ್ದಿಯೇ ಸಿಗುವುದಿಲ್ಲ.

ಗಿಟ್‌ಹಬ್ ಆಕ್ಷನ್ಸ್‌ನ (ಕೋಡ್ ಇಟ್ಟ ತಾಣ ಟೆಸ್ಟು ಓಡಿಸಲು ಕೊಡುವ ಸೇವೆ) ಯಂತ್ರಗಳ ಗಡಿಯಾರ ಯುಟಿಸಿಯಲ್ಲಿ, ಅಂದರೆ ವಿಶ್ವ ಸಮಯದಲ್ಲಿ, ಇರುತ್ತದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 12ರಿಂದ ಬೆಳಗಿನ 5.30ರವರೆಗೆ ಅಲ್ಲಿ ನಿನ್ನೆಯ ತಾರೀಖು. ‘ಇವತ್ತಿನ ಮಳೆ’ ಎಂದು ಗಡಿಯಾರ ನೋಡಿ ಬರೆದ ಟೆಸ್ಟು ಹಗಲೆಲ್ಲ ಹಸಿರು, ರಾತ್ರಿ ಮಾತ್ರ ಕೆಂಪು. ಔಷಧಿ ಎರಡು. ಫಂಕ್ಷನ್ನಿನ ಒಳಗೆ ಗಡಿಯಾರ ನೋಡಬಾರದು, ಸಮಯವನ್ನು ಹೊರಗಿನಿಂದ ಕೊಡಬೇಕು. ಇಡೀ ಟೆಸ್ಟು ಸಾಲನ್ನು ಒಮ್ಮೆ ಕೋಲ್ಕತ್ತಾ (ಅಂದರೆ ಭಾರತದ) ಸಮಯವಲಯದಲ್ಲಿ, ಒಮ್ಮೆ ಯುಟಿಸಿಯಲ್ಲಿ ಓಡಿಸಬೇಕು.

ಕನ್ನಡ ಅಕ್ಷರದ್ದು ಬೇರೆ ತಂಟೆ. ‘ಪೊನ್ನಂಪೇಟೆ’ಯ ‘ಪೊ’ಗೆ ಒತ್ವದ ಚಿಹ್ನೆ ಒಂದೇ ಸಂಕೇತವಾಗಿ ಬರಬಹುದು, ಎತ್ವ ಮತ್ತು ಊತ್ವದ ಚಿಹ್ನೆ ಸೇರಿ ಎರಡಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು ಊರು. ಒಳಗೆ ಬರುವಾಗಲೇ ಯುನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಚಿಹ್ನೆಗಳು ಸೇರಿ ಒಂದಾದ ರೂಪಕ್ಕೆ, ತಂದರೆ ಇದು ಮುಗಿಯಿತು. ಆದರೆ ಅಕ್ಷರ ಕೂಡಿಸಲು, ಬಿಡಿಸಲು ಬಳಸುವ, ಕಣ್ಣಿಗೆ ಕಾಣದ ಸಂಕೇತಗಳಾದ ಝೀರೋ ವಿಡ್ತ್ ಜಾಯಿನರ್, ನಾನ್ ಜಾಯಿನರ್ ಅದರಿಂದ ಅಳಿಯುವುದಿಲ್ಲ, ಹುಡುಕಾಟದಲ್ಲಿ ಅವನ್ನು ಪ್ರತ್ಯೇಕವಾಗಿ ತೆಗೆಯಬೇಕು. ಅಂಕಿಯೂ ಹಾಗೆಯೇ. ‘೧೨’ ಎಂದು ಬರೆದರೆ ಪೈಥಾನಿನ ‘ಇಂಟ್’ ಅದನ್ನು 12 ಎಂದು ಒಪ್ಪುತ್ತದೆ, ಜಾವಾಸ್ಕ್ರಿಪ್ಟಿನ ‘ನಂಬರ್’ ಸಂಖ್ಯೆಯೇ ಅಲ್ಲ ಎನ್ನುತ್ತದೆ. ಎರಡೂ ಕಡೆಗೆ ಟೆಸ್ಟು ಬೇಕು.

ನೆಟ್‌ವರ್ಕ್ ಹೋದಾಗಿನ ದೋಷವನ್ನು ಹಿಡಿಯಲು ಮರ ಬಿದ್ದು ತಂತಿ ಕಡಿಯುವವರೆಗೆ ಕಾಯಬೇಕಿಲ್ಲ. ದಾಖಲೆಯನ್ನು ಪಡೆದು ಉಳಿಸಿಕೊಂಡು, ಉತ್ತರ ಕೊಡದೆ ಸಂಪರ್ಕ ಕಡಿಯುವ ನಕಲಿ ಸರ್ವರ್ ಒಂದನ್ನು ಬರೆದರಾಯಿತು. ಫೋನು ‘ತಲುಪಲಿಲ್ಲ’ ಎಂದುಕೊಂಡು ಮತ್ತೆ ಕಳಿಸುತ್ತದೆ, ಒಂದು ದಿನದ ಮಳೆ ಎರಡಾಗುತ್ತದೆ. ಪ್ರತಿ ದಾಖಲೆಗೂ ಫೋನಿನಲ್ಲೇ ಗುರುತು ಸಂಖ್ಯೆ ಹುಟ್ಟಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹಳೆಯದನ್ನೇ ಇಟ್ಟುಕೊಳ್ಳಬೇಕು. ಮೂರು ಸಲ ಕಳಿಸಿದರೂ ಸಾಲು ಒಂದೇ ಇರಬೇಕೆಂಬುದು ಟೆಸ್ಟು.

ಇನ್ನು ಓಡಿಸುವ ವ್ಯವಸ್ಥೆ. ಮನೆಯಲ್ಲಿ ಓಡುವ ಭಾಗ ಒಂದೇ ಆಜ್ಞೆಯಲ್ಲಿ, ಒಂದೇ ಕಡತದ ಪುಟ್ಟ ಡೇಟಾಬೇಸಾದ ಎಸ್‌ಕ್ಯೂಲೈಟ್ ಮೇಲೆ, ಇಂಟರ್‌ನೆಟ್ ಇಲ್ಲದೆ ಓಡಬೇಕು. ಮೊಬೈಲ್ ಡೇಟಾದಲ್ಲಿ ನೂರಾರು ಎಂಬಿ ಕಂಟೇನರ್ (ತಂತ್ರಾಂಶಗಳನ್ನು ಕಟ್ಟಿಟ್ಟ ಪೊಟ್ಟಣ) ಇಳಿಸಿಕೊಳ್ಳಿ ಎಂದರೆ ಸ್ವಯಂಸೇವಕರು ಅಲ್ಲಿಗೇ ಕೈಬಿಡುತ್ತಾರೆ. ಆದರೆ ಎಸ್‌ಕ್ಯೂಲೈಟ್ ಸಡಿಲ: ಪೂರ್ಣಾಂಕದ ಕಾಲಮ್ಮಿಗೆ ಅಕ್ಷರ ಹಾಕಿದರೂ ಸುಮ್ಮನಿರುತ್ತದೆ, ಒಂದು ಪಟ್ಟಿ ಹೆಸರಿಸುವ ಸಾಲು ಇನ್ನೊಂದರಲ್ಲಿ ನಿಜಕ್ಕೂ ಇದೆಯೇ ಎಂಬ ಫಾರಿನ್ ಕೀ ತಪಾಸಣೆ ಮೊದಲಿಗೆ ಆಫ್ ಆಗಿರುತ್ತದೆ. ಹಾಗಾಗಿ ಕಟ್ಟುನಿಟ್ಟಾದ ಡೇಟಾಬೇಸ್ ಪೋಸ್ಟ್‌ಗ್ರೆಸ್ ಮೇಲಿನ ಓಟ ಆಕ್ಷನ್ಸ್‌ನಲ್ಲಿ ಇದ್ದೇ ಇರಬೇಕು. ಆಕ್ಷನ್ಸ್ ಕೆಲಸಕ್ಕೆ ತಾನಾಗಿ ಇರುವ ಮಿತಿ 360 ನಿಮಿಷ; ಅದನ್ನು 10ಕ್ಕೆ ಇಳಿಸಿದ್ದಾಯಿತು. ಅದೇ ಬ್ರಾಂಚಿಗೆ (ಕೋಡಿನ ಕವಲು) ಹೊಸ ಕಮಿಟ್ (ಉಳಿಸಿದ ಬದಲಾವಣೆ) ಬಂದರೆ ಹಳೆಯ ಓಟ ರದ್ದು.

ಮರ್ಜ್‌ಗೆ (ಬದಲಾವಣೆಯನ್ನು ಮೂಲ ಕೋಡಿಗೆ ಸೇರಿಸುವುದಕ್ಕೆ) ಕಡ್ಡಾಯ ಮಾಡುವ ಟೆಸ್ಟಿನ ಹೆಸರಲ್ಲಿ ಆವೃತ್ತಿ ಸಂಖ್ಯೆ ಇರಬಾರದು. 3.10 ಹೋಗಿ 3.11 ಬಂದ ದಿನ ರೆಪೊ (ಕೋಡಿನ ಭಂಡಾರ) ಹಳೆಯ ಹೆಸರಿಗಾಗಿ ಕಾಯುತ್ತಲೇ ಕೂರುತ್ತದೆ. ಎಲ್ಲ ಓಟಗಳನ್ನೂ ಅವಲಂಬಿಸುವ ಒಂದು ಕೊನೆಯ ಕೆಲಸವಿಟ್ಟು ಅದನ್ನಷ್ಟೇ ಕಡ್ಡಾಯ ಮಾಡುವುದು ದಾರಿ. ಇಲ್ಲೂ ಒಂದು ಗುಂಡಿ ಇದೆ: ಮುಂಚಿನದು ಬಿದ್ದರೆ ಈ ಕೊನೆಯದು ಓಡುವುದೇ ಇಲ್ಲ, ಗಿಟ್‌ಹಬ್ ಓಡದ್ದನ್ನು ಪಾಸೆಂದು ಎಣಿಸುತ್ತದೆ! ‘ಯಾವಾಗಲೂ ಓಡು’ ಎಂಬ ಷರತ್ತು ಹಾಕಿ, ಒಳಗೆ ಪ್ರತಿ ಫಲಿತಾಂಶವನ್ನೂ ನೋಡಿಸಬೇಕು.

ಒಮ್ಮೆ ಬೀಳುವ, ಒಮ್ಮೆ ಏಳುವ ಟೆಸ್ಟಿಗೆ ‘ಮೂರು ಸಲ ಪ್ರಯತ್ನಿಸು’ ಎಂಬ ಮುಲಾಮು ಬೇಡ. ಅದು ನಿಜವಾದ ದೋಷವನ್ನೂ ಮುಚ್ಚುತ್ತದೆ. ಅಂಥದ್ದನ್ನು ಕಡ್ಡಾಯ ಸಾಲಿನಿಂದ ತೆಗೆದು, ಇಶ್ಯೂ (ದೋಷದ ದೂರು) ಸಂಖ್ಯೆ ಮತ್ತು ತಾರೀಖು ಬರೆದು ಪಕ್ಕಕ್ಕಿಡುವುದು. ಎರಡು ವಾರದಲ್ಲಿ ಸರಿಯಾಗದಿದ್ದರೆ ಅಳಿಸುವುದು. ಇಂಥವುಗಳಲ್ಲಿ ಕೆಲವು ಒಂದರ ಬೆನ್ನಿಗೆ ಒಂದು ಒರಗಿಕೊಂಡಿರುತ್ತವೆ, ಮುಂಚಿನ ಟೆಸ್ಟು ಬಿಟ್ಟುಹೋದ ಡೇಟಾದ ಮೇಲೆ ಮುಂದಿನದು ನಿಂತಿರುತ್ತದೆ. ಪೈಥಾನಿನ ಟೆಸ್ಟು ಓಡಿಸುವ ಸಾಧನ ಪೈಟೆಸ್ಟ್‌ಗೆ ‘ರ‍್ಯಾಂಡಮ್ಲಿ’ ಪ್ಲಗಿನ್ ಹಾಕಿದರೆ ಕ್ರಮ ಕಲಸಿಹೋಗಿ ಅವು ಬೆಳಕಿಗೆ ಬರುತ್ತವೆ. ಕಲಸಿದ ಕ್ರಮಕ್ಕೆ ಅದು ತೋರಿಸುವ ಸೀಡ್ ಸಂಖ್ಯೆಯನ್ನು ಮತ್ತೆ ಕೊಟ್ಟರೆ ಅದೇ ಕ್ರಮ ಸಿಗುತ್ತದೆ.

ಮೊದಲ ಸಲ ಕೋಡ್ ಕಳಿಸುವವರ ಟೆಸ್ಟು ನಿರ್ವಾಹಕರು ಒಪ್ಪಿಗೆ ಕೊಡುವವರೆಗೆ ಓಡದೆ ನಿಂತಿರಬಹುದು, ಕಳಿಸಿದವರು ‘ಯಾರೂ ನೋಡಲಿಲ್ಲ’ ಎಂದುಕೊಳ್ಳುತ್ತಾರೆ. ಒಪ್ಪಿಗೆಗೆ ಮುಂಚೆ, ಟೆಸ್ಟು ಓಡಿಸುವ ಕ್ರಮ ಬರೆದಿರುವ ವರ್ಕ್‌ಫ್ಲೋ ಕಡತಗಳು ಬದಲಾಗಿವೆಯೇ ನೋಡಬೇಕು. ಫೋರ್ಕಿನಿಂದ (ಬೇರೆಯವರು ಮಾಡಿಕೊಂಡ ಕೋಡಿನ ಪ್ರತಿ) ಬಂದ ಓಟಕ್ಕೆ ರಹಸ್ಯ ಕೀಲಿಗಳು ಸಿಗುವುದಿಲ್ಲವಾದ್ದರಿಂದ ಎಸ್‌ಎಂಎಸ್, ನಕ್ಷೆ ಸೇವೆಗಳೆಲ್ಲ ಟೆಸ್ಟಿನಲ್ಲಿ ನಕಲಿಯೇ.

ರಾತ್ರಿಯ ಪೂರ್ತಿ ಓಟ 20.17 ಯುಟಿಸಿಗೆ, ಅಂದರೆ ಇಲ್ಲಿ 1.47ಕ್ಕೆ. ಗಂಟೆ ಸರಿಯಾಗಿ ಹೊಡೆಯುವ ಹೊತ್ತಿಗೆ ದಟ್ಟಣೆಯಾಗಿ ತಡವಾಗುತ್ತದೆ, ಅದಕ್ಕೇ 17ನೆಯ ನಿಮಿಷ. ಬೆಳಿಗ್ಗೆ ಫಲಿತಾಂಶ ನೋಡಲು ವಾರಕ್ಕೊಬ್ಬರ ಪಾಳಿ. ಸರಿಮಾಡುವುದು ಅವರ ಕೆಲಸವಲ್ಲ, ಇಶ್ಯೂ ತೆರೆಯುವುದಷ್ಟೇ.

ಸಾರ್ವಜನಿಕ ರೆಪೊದಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಈ ರಾತ್ರಿ ಓಟವನ್ನು ಗಿಟ್‌ಹಬ್ ತಾನಾಗಿ ನಿಲ್ಲಿಸುತ್ತದೆ. ಪುತ್ತರಿ ಹಬ್ಬ ಕಳೆದು ಕಾಫಿ ಕುಯ್ಲಿಗೆ ಇಳಿದರೆ ಫೆಬ್ರವರಿಯವರೆಗೆ ಇತ್ತ ಯಾರೂ ತಲೆಹಾಕುವುದಿಲ್ಲ. ಜನವರಿ ಮೊದಲ ವಾರದ ಪಾಳಿಯ ಎದುರು ‘ರಾತ್ರಿ ಓಟ ಚಾಲ್ತಿಯಲ್ಲಿದೆಯೇ ನೋಡಿ’ ಎಂದು ಈಗಲೇ ಬರೆದಿಟ್ಟಿದೆ.

ಬಾಕಿ: ಹಳೆಯ ಮಳೆ ಪುಸ್ತಕಗಳ ಆಮದು. ಕೆಲವರು ಬೆಳಿಗ್ಗೆ ಅಳೆದದ್ದನ್ನು ಹಿಂದಿನ ದಿನದ ಸಾಲಿಗೆ ಬರೆಯುತ್ತಾರೆ, ಆ ಒಂದು ದಿನದ ಜರುಗುವಿಕೆಗೆ ಇನ್ನೂ ಟೆಸ್ಟು ಬರೆದಿಲ್ಲ.